ಸೋಮಾರಿಯಲ್ಲ, ನಿದ್ದೆಗೆಟ್ಟ ಮಗ

ಹದಿಹರೆಯದ ಮಕ್ಕಳ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪತ್ರ. ಊರು ಬೇರೆ, ಮನೆ ಬೇರೆ, ದೂರು ಅದೇ. ಡಿಸೆಂಬರ್ ಬಂತೆಂದರೆ ಇನ್ನೂ ಜಾಸ್ತಿ. ಮಾರ್ಚ್‌ನಲ್ಲಿ ಪರೀಕ್ಷೆ ಅಲ್ವಾ. ಈ ಸಲ ಅಂಥ ಒಂದು ಪತ್ರಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ, ಉಳಿದವಕ್ಕೆ ಎಷ್ಟು ಬೇಕೋ ಅಷ್ಟು. ಹಾರ್ಮೋನು ಎಂದರೇನು, ಮಕ್ಕಳು ಯಾಕೆ ಬಾಗಿಲು ಹಾಕಿಕೊಳ್ಳುತ್ತಾರೆ ಎಂಬುದನ್ನೆಲ್ಲ ಮೊದಲಿನಿಂದ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ. ಬೆಳಗಿನ ಜಾವ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಎಂದು ಐದು ಗಂಟೆಗೆ ಎಬ್ಬಿಸುತ್ತೇವೆ. ಏಳುವುದೇ ಇಲ್ಲ. ಇವರು ಫ್ಯಾನ್ ಆಫ್ ಮಾಡುತ್ತಾರೆ, ನೀರು ಚಿಮುಕಿಸುತ್ತಾರೆ. ಎದ್ದರೂ ಪುಸ್ತಕದ ಮೇಲೆ ತೂಕಡಿಸುತ್ತಾನೆ. ರಾತ್ರಿ ಮಾತ್ರ ಹನ್ನೆರಡೂವರೆಯಾದರೂ ಎಚ್ಚರ, ಕೈಯಲ್ಲಿ ಮೊಬೈಲ್. ಏನಾದರೂ ಹೇಳಿದರೆ ರೇಗುತ್ತಾನೆ. ಮೊನ್ನೆ ಅಪ್ಪನ ಕೈ ತಳ್ಳಿಬಿಟ್ಟ. ಈಗ ಅಪ್ಪ ಮಗನಿಗೆ ಮಾತಿಲ್ಲ. ಸೂರ್ಯ ಹುಟ್ಟಿದ ಮೇಲೂ ಮಲಗಿದರೆ ಮನೆಗೆ ದರಿದ್ರ ಎಂದು ಅತ್ತೆ ಗೊಣಗುತ್ತಾರೆ. ಇವನನ್ನು ಸರಿಮಾಡುವುದು ಹೇಗೆ?

ಉತ್ತರ: ಅಮ್ಮ, ಮೊದಲು ಒಂದು ಲೆಕ್ಕ. ಹನ್ನೆರಡೂವರೆಯಿಂದ ಐದು ಗಂಟೆಯವರೆಗೆ ಎಷ್ಟಾಯಿತು? ನಾಲ್ಕೂವರೆ ಗಂಟೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಿಮ್ಮ ಮಗ ಅರ್ಧ ನಿದ್ದೆಯಲ್ಲಿ ಬದುಕುತ್ತಿದ್ದಾನೆ. ಅವನು ಸೋಮಾರಿಯೋ, ಮುಂಗೋಪಿಯೋ, ಓದಿನಲ್ಲಿ ಹಿಂದೋ ಎಂದು ಈಗ ಯಾರೂ ಹೇಳಲಾಗದು. ನಿದ್ದೆ ತುಂಬಿದ ಮೇಲೆ ನೋಡಿ ಹೇಳಬೇಕಾದ ಮಾತು ಅದು.

‘ಹಾಗಾದರೆ ರಾತ್ರಿ ಒಂಬತ್ತಕ್ಕೇ ಮಲಗಲಿ’ ಎನ್ನುತ್ತೀರಿ. ಎಲ್ಲ ಅಪ್ಪ ಅಮ್ಮಂದಿರೂ ಇದನ್ನೇ ಹೇಳುತ್ತಾರೆ. ಅವನು ಮಲಗಬಹುದು, ಆದರೆ ನಿದ್ದೆ ಬರುವುದಿಲ್ಲ. ಕತ್ತಲಾದ ಮೇಲೆ ಮೆದುಳು ಮೆಲಟೋನಿನ್ ಎಂಬ ಹಾರ್ಮೋನು ಬಿಡಲು ಶುರುಮಾಡುತ್ತದೆ. ಇನ್ನು ರಾತ್ರಿಯಾಯಿತು ಎಂದು ಮೈಗೆ ತಿಳಿಯುವುದು ಅದರಿಂದ. ಮಕ್ಕಳು ವಯಸ್ಸಿಗೆ ಬರುತ್ತಿದ್ದಂತೆ ಈ ಹೊತ್ತು ಒಂದರಿಂದ ಎರಡು ಗಂಟೆಯಷ್ಟು ಮುಂದಕ್ಕೆ ಹೋಗುತ್ತದೆ. ಜೊತೆಗೆ, ಎಚ್ಚರವಿದ್ದಷ್ಟೂ ಏರುತ್ತಾ ಹೋಗುವ ನಿದ್ದೆಯ ಒತ್ತಡವೂ ಈ ವಯಸ್ಸಿನಲ್ಲಿ ನಿಧಾನವಾಗಿ ಏರುತ್ತದೆ. ಎಂಟು ವರ್ಷದ ತಂಗಿ ಊಟ ಮಾಡುತ್ತಲೇ ತೂಕಡಿಸುವಾಗ ಹದಿನೈದರ ಅಣ್ಣ ಹತ್ತೂವರೆಗೂ ಕಣ್ಣರಳಿಸಿಕೊಂಡು ಕೂರುವುದು ಇದರಿಂದಲೇ.

ಎಲ್ಲಾ ಮೊಬೈಲ್‌ನಿಂದ ಎಂದು ನನ್ನ ಬಾಯಲ್ಲಿ ಹೇಳಿಸಲು ತುಂಬಾ ಜನ ಕಾಯುತ್ತಾರೆ. ಮೊಬೈಲ್ ವಿಷಯಕ್ಕೆ ಬರುತ್ತೇನೆ. ಆದರೆ ವಯಸ್ಸಿಗೆ ಬಂದಂತೆಲ್ಲ ಮಕ್ಕಳ ಮೈಯೊಳಗಿನ ಗಡಿಯಾರ ತಡದ ಕಡೆಗೆ ವಾಲುತ್ತದೆ ಎಂದು ಅಮೆರಿಕದ ನಿದ್ದೆ ಸಂಶೋಧಕಿ ಮೇರಿ ಕಾರ್ಸ್ಕಡನ್ ಮತ್ತು ಜೊತೆಗಾರರು ಬರೆದದ್ದು 1993ರಲ್ಲಿ. ಆಗ ಯಾವ ಹುಡುಗನ ಕೈಯಲ್ಲಿ ಸ್ಮಾರ್ಟ್‌ಫೋನ್ ಇತ್ತು? ಅದಕ್ಕೂ ಮುಂಚೆ ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ನಿದ್ದೆ ಅಳೆದಾಗ ಅವರು ಇನ್ನೊಂದನ್ನೂ ಕಂಡಿದ್ದರು. ಹಾಸಿಗೆಯಲ್ಲಿ ಹತ್ತು ಗಂಟೆ ಬಿಟ್ಟರೆ ಹತ್ತು ವರ್ಷದವರೂ ಹದಿನೇಳರವರೂ ಹೆಚ್ಚುಕಡಿಮೆ ಒಂದೇ ಸಮ ನಿದ್ದೆ ಮಾಡುತ್ತಾರೆ, ಸುಮಾರು ಒಂಬತ್ತು ಗಂಟೆ. ದೊಡ್ಡವನಾದ, ಇನ್ನು ಆರು ಗಂಟೆ ಸಾಕು ಎಂಬ ಮಾತಿಗೆ ಆಧಾರವಿಲ್ಲ.

ಜರ್ಮನಿಯ ಮ್ಯೂನಿಕ್‌ನಲ್ಲಿ ಟಿಲ್ ರೊನೆಬರ್ಗ್ ಮತ್ತು ಸಂಗಡಿಗರು ಸಾವಿರಾರು ಜನರ ಮಲಗುವ, ಏಳುವ ಹೊತ್ತು ಕಲೆಹಾಕಿ 2004ರಲ್ಲಿ ಪ್ರಕಟಿಸಿದರು. ನಿದ್ದೆಯ ಹೊತ್ತು ಹದಿಹರೆಯದ ಉದ್ದಕ್ಕೂ ತಡವಾಗುತ್ತಾ ಹೋಗಿ, ಸುಮಾರು 20ರ ವಯಸ್ಸಿಗೆ ತುದಿ ಮುಟ್ಟಿ, ಮತ್ತೆ ಹಿಂದಕ್ಕೆ ಬರಲು ಶುರುವಾಗುತ್ತದೆ. ವಯಸ್ಸಾದಷ್ಟೂ ಬೇಗ ನಿದ್ದೆ, ಬೇಗ ಎಚ್ಚರ. ಈಗ ನಿಮ್ಮ ಮನೆ ನೋಡಿ. ನಿಮ್ಮ ಅತ್ತೆಗೆ ನಾಲ್ಕೂವರೆಗೆ ತಾನಾಗಿಯೇ ಎಚ್ಚರವಾಗುತ್ತದೆ. ಮೊಮ್ಮಗನಿಗೆ ಅದು ನಡುರಾತ್ರಿ. ಅವರು ಶಿಸ್ತಿನವರು, ಇವನು ದರಿದ್ರ ಎಂದು ತೀರ್ಪು ಕೊಡುವುದು ಅನ್ಯಾಯ. ಹಿರಿಯರು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದುತ್ತಿದ್ದರು ಎನ್ನುವುದು ನಿಜ. ಅವರು ಕತ್ತಲಾಗುತ್ತಲೇ ಉಂಡು ದೀಪ ಆರಿಸಿ ಮಲಗುತ್ತಿದ್ದರು ಎನ್ನುವುದೂ ಅಷ್ಟೇ ನಿಜ. ನೀವು ಮಲಗುವ ಭಾಗವನ್ನು ಬಿಟ್ಟು ಏಳುವ ಭಾಗವನ್ನು ಮಾತ್ರ ಇಟ್ಟುಕೊಂಡಿದ್ದೀರಿ.

ಇನ್ನು ಅವನ ರೇಗಾಟ. ಹಣೆಯ ಹಿಂದೆ ಇರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಎಂಬ ಭಾಗ ‘ತಡಿ, ಯೋಚಿಸು’ ಎನ್ನುವ ಕೆಲಸ ಮಾಡುತ್ತದೆ. ಮೆದುಳಿನಲ್ಲಿ ಕೊನೆಯದಾಗಿ ಬಲಿಯುವ ಭಾಗಗಳಲ್ಲಿ ಅದೂ ಒಂದು. ಹದಿನೈದರಲ್ಲಿ ಅದರ ಕೆಲಸ ಇನ್ನೂ ಅರೆಬರೆ. ನಿದ್ದೆ ಕಡಿಮೆಯಾದಾಗ ಮೊದಲು ಸೋಲುವುದೂ ಅದೇ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಯುವಕ ಯುವತಿಯರನ್ನು ಒಂದು ರಾತ್ರಿ ಮಲಗಲು ಬಿಡದೆ, ಮರುದಿನ ಮನಸ್ಸಿಗೆ ಹಿಂಸೆಯಾಗುವ ಚಿತ್ರಗಳನ್ನು ತೋರಿಸಿ ಸ್ಕ್ಯಾನ್ ಮಾಡಿದರು. ಭಯಕ್ಕೆ, ಸಿಟ್ಟಿಗೆ ಥಟ್ಟನೆ ಎದ್ದೇಳುವ ಅಮಿಗ್ಡಲಾ ಎಂಬ ಭಾಗ ಶೇ 60ರಷ್ಟು ಜಾಸ್ತಿ ಕೆರಳಿತ್ತು. ಅದರ ಮೇಲೆ ಹಣೆಯ ಹಿಂದಿನ ಭಾಗಕ್ಕೆ ಇರುವ ಹಿಡಿತ ಸಡಿಲವಾಗಿತ್ತು. ಅವರು ಬೆಳೆದವರು, ನಿದ್ದೆಗೆಟ್ಟದ್ದು ಒಂದೇ ರಾತ್ರಿ. ನಿಮ್ಮ ಮಗ ತಿಂಗಳುಗಟ್ಟಲೆ ಅರೆನಿದ್ದೆಯಲ್ಲಿದ್ದಾನೆ. ಗಾಢ ನಿದ್ದೆಯಲ್ಲಿದ್ದವನ ಮುಖಕ್ಕೆ ನೀರು ಚಿಮುಕಿಸಿದಾಗ ಕೈ ತಳ್ಳಿದ. ಅಪ್ಪ ಅದನ್ನು ಅವಮಾನ ಎಂದು ಲೆಕ್ಕ ಹಾಕಬಾರದು. ಮಾತು ಬಿಟ್ಟಿರುವವರು ದೊಡ್ಡವರು, ಮೊದಲು ಮಾತಾಡಬೇಕಾದವರೂ ಅವರೇ. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.

ಓದಿನ ಮಾತು. ಹಗಲು ಓದಿದ್ದು ನೆನಪಾಗಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಕನಸು ಬೀಳುವ ನಿದ್ದೆಯ ದೊಡ್ಡ ಪಾಲು ಇರುವುದು ರಾತ್ರಿಯ ಕೊನೆಯ ಭಾಗದಲ್ಲಿ. ಐದಕ್ಕೆ ಎಬ್ಬಿಸಿದಾಗ ನೀವು ಕತ್ತರಿಸುವುದು ಅದನ್ನೇ. ಬೆಳಿಗ್ಗೆ ತಲೆ ಫ್ರೆಶ್ ಇರುತ್ತದೆ ಎಂಬ ಮಾತು ನಿದ್ದೆ ಮುಗಿಸಿದವನಿಗೆ ಮಾತ್ರ ಸರಿ. ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲ್ ಶುರುವಾಗುವ ಹೊತ್ತನ್ನು 7.50ರಿಂದ 8.45ಕ್ಕೆ ಸರಿಸಿತು. ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ ಎಂದು ಹೆದರಿದವರಿದ್ದರು. ಹಾಗಾಗಲಿಲ್ಲ. ಮಕ್ಕಳಿಗೆ ದಿನಕ್ಕೆ 34 ನಿಮಿಷ ನಿದ್ದೆ ಹೆಚ್ಚಾಯಿತು. ನಮ್ಮಲ್ಲಿ ರಾಜ್ಯ ಪಠ್ಯಕ್ರಮದ ಹೆಚ್ಚಿನ ಶಾಲೆಗಳು ಶುರುವಾಗುವುದೇ ಒಂಬತ್ತೂವರೆ ಹತ್ತರ ಹೊತ್ತಿಗೆ. ಆ ಅನುಕೂಲವನ್ನು ಬೆಳಗಿನ ಟ್ಯೂಷನ್ನು, ಹಾಸ್ಟೆಲ್‌ಗಳ ಐದು ಗಂಟೆಯ ಸ್ಟಡಿ ಅವರ್ ನುಂಗಿಹಾಕಿವೆ. ಮಕ್ಕಳನ್ನು ಐದಕ್ಕೆ ಎಬ್ಬಿಸುತ್ತೇವೆ ಎಂದು ಜಾಹೀರಾತು ಕೊಡುವ ಕಾಲೇಜಿಗೆ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮುಂಚೆ ‘ಮಲಗಿಸುವುದು ಎಷ್ಟಕ್ಕೆ’ ಎಂದು ಕೇಳಿ.

ಈಗ ಮಾಡಬೇಕಾದದ್ದು. ಎರಡು ವಾರ ಅವನನ್ನು ಏಳು ಗಂಟೆಗೆ ಮುಂಚೆ ಎಬ್ಬಿಸಬೇಡಿ. ಎದ್ದ ಕೂಡಲೇ ಟೆರೇಸಿಗೋ ಅಂಗಳಕ್ಕೋ ಹೋಗಿ ಕಾಲು ಗಂಟೆ ಬಿಸಿಲಲ್ಲಿ ಇರಲಿ. ಗಡಿಯಾರವನ್ನು ಹಿಂದಕ್ಕೆ ತರುವುದು ಬೆಳಗಿನ ಬೆಳಕು, ಬೈಗುಳವಲ್ಲ. ಎದ್ದ ಅರ್ಧ ಗಂಟೆ ಮಾರ್ಕ್ಸ್ ಮಾತು ಬೇಡ. ಸಂಜೆ ಟ್ಯೂಷನ್ನಿಗೆ ಮುಂಚೆ ಬೇಕಿದ್ದರೆ ಇಪ್ಪತ್ತು ನಿಮಿಷ ಮಲಗಲಿ, ಐದು ಗಂಟೆಯ ಮೇಲೆ ಬೇಡ. ಕಾಫಿ, ಟೀ ಮಧ್ಯಾಹ್ನಕ್ಕೆ ನಿಲ್ಲಲಿ. ಆರು ಗಂಟೆಗೆ ಕುಡಿದ ಕಾಫಿಯ ಸುಮಾರು ಅರ್ಧದಷ್ಟು ಕೆಫೀನ್ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಊಟ ಎಂಟೂವರೆಯೊಳಗೆ. ಹತ್ತರ ಹೊತ್ತಿಗೆ ಮನೆಯ ದೊಡ್ಡ ದೀಪಗಳು ಆರಲಿ. ಮೊಬೈಲ್ ರಾತ್ರಿ ಹಾಲ್‌ನಲ್ಲಿ ಚಾರ್ಜ್‌ಗೆ ಇರಲಿ, ಅವನದೊಂದೇ ಅಲ್ಲ, ನಿಮ್ಮದೂ ನಿಮ್ಮ ಯಜಮಾನರದೂ. ಅಪ್ಪ ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಮಗನ ಫೋನ್ ಕಿತ್ತುಕೊಂಡರೆ ಯಾವ ಮಗನೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಭಾನುವಾರ ಹನ್ನೆರಡರವರೆಗೆ ಮಲಗಿದರೆ ಗಡಿಯಾರ ಮತ್ತೆ ಜಾರುತ್ತದೆ. ಒಂದು ಗಂಟೆ ಹೆಚ್ಚಿಗೆ ಬಿಡಿ, ಸಾಕು.

ಮೆಡಿಕಲ್ ಶಾಪಿನಿಂದ ಮೆಲಟೋನಿನ್ ಮಾತ್ರೆ ತಂದು ಕೊಡಬೇಡಿ. ಈ ವಿಷಯದಲ್ಲಿ ನಾನು ಬಹಳ ಬಿಗಿ. ಬೆಳೆಯುವ ಮಕ್ಕಳಿಗೆ ವೈದ್ಯರು ನೋಡದೆ ನಿದ್ದೆಯ ಯಾವುದೂ ಬೇಡ. ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ. ಎರಡು ವಾರ ಚೆನ್ನಾಗಿ ಮಲಗಿದ ಮೇಲೂ ಯಾವುದರಲ್ಲೂ ಆಸಕ್ತಿಯಿಲ್ಲ, ಗೆಳೆಯರೂ ಬೇಡ, ಊಟವೂ ಬೇಡ ಎಂದರೆ ಅದು ಬೇರೆ ಸಮಸ್ಯೆ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಹಾಂ, ಒಂಬತ್ತಕ್ಕೆ ಮಲಗಿ ಐದಕ್ಕೆ ತಾವಾಗಿಯೇ ನಗುತ್ತಾ ಏಳುವ ಮಕ್ಕಳೂ ಇದ್ದಾರೆ. ಅವರನ್ನು ಹಾಗೇ ಬಿಡಿ. ಪಕ್ಕದ ಮನೆಯವನನ್ನು ಅವರ ಹೆಸರು ಹೇಳಿ ಬಯ್ಯಬೇಡಿ.

ಪ್ರಶ್ನೆ: ಮಿಡ್‌ಬ್ರೈನ್ ಆಕ್ಟಿವೇಶನ್ (ನಡುಮೆದುಳನ್ನು ಚುರುಕುಗೊಳಿಸುತ್ತೇವೆ ಎನ್ನುವ) ತರಗತಿಗೆ ಸೇರಿಸಿದರೆ ಮಗಳಿಗೆ ಏಕಾಗ್ರತೆ ಬರುತ್ತದೆಯೇ? ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓದುವುದನ್ನು ಕಣ್ಣಾರೆ ಕಂಡೆ.

ಉತ್ತರ: ಮೂಗಿನ ಪಕ್ಕದ ಸಂದಿಯಿಂದ ನೋಡುವುದನ್ನು ಕಂಡಿದ್ದೀರಿ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಎಷ್ಟೋ ವೇದಿಕೆಗಳಲ್ಲಿ ಬಯಲು ಮಾಡಿದ್ದಾರೆ. ಮಿಡ್‌ಬ್ರೈನ್ ಹುಟ್ಟಿದಾಗಿನಿಂದ ಕೆಲಸ ಮಾಡುತ್ತಿರುತ್ತದೆ, ಇಲ್ಲದಿದ್ದರೆ ಮಗು ಕಣ್ಣುಗುಡ್ಡೆಯನ್ನೂ ಸರಿಯಾಗಿ ತಿರುಗಿಸಲಾರದು. ಇದರಲ್ಲಿ ನನಗೆ ಸಿಟ್ಟು ಬರುವುದು ದುಡ್ಡಿಗಲ್ಲ. ಕದ್ದು ನೋಡಿ ‘ಕಾಣಿಸುತ್ತಿಲ್ಲ’ ಎಂದು ಅಪ್ಪ ಅಮ್ಮನಿಗೆ ಸುಳ್ಳು ಹೇಳುವುದನ್ನು ಮಗುವಿಗೆ ಕಲಿಸುತ್ತಾರಲ್ಲ, ಅದಕ್ಕೆ.

ಪ್ರಶ್ನೆ: ಬೆರಳಚ್ಚು ನೋಡಿ ಮಗ ಯಾವ ಕೋರ್ಸಿಗೆ ಸರಿ ಎಂದು ಹೇಳುತ್ತಾರಂತೆ?

ಉತ್ತರ: ಬೆರಳಚ್ಚು ತಾಯಿಯ ಹೊಟ್ಟೆಯಲ್ಲೇ ಮೂಡಿ ಮುಗಿದಿರುತ್ತದೆ, ಮೆದುಳು ಆಮೇಲೆ ಇಪ್ಪತ್ತು ವರ್ಷ ಬದಲಾಗುತ್ತದೆ. ಆ ದುಡ್ಡು ಉಳಿಸಿ.

ಪ್ರಶ್ನೆ: ಜ್ಞಾಪಕಶಕ್ತಿಯ ಪುಡಿ ಯಾವುದು ಒಳ್ಳೆಯದು?

ಉತ್ತರ: ಮೇಲಿನ ಮೊದಲ ಉತ್ತರ ಓದಿ.

ಪ್ರಶ್ನೆ: ಮೆದುಳು 25 ವರ್ಷಕ್ಕೆ ಪೂರ್ತಿ ಬೆಳೆಯುತ್ತದಂತೆ. ಮಗಳಿಗೆ 19. ಅಲ್ಲಿಯವರೆಗೆ ಅವಳ ನಿರ್ಧಾರ ನಾವೇ ಮಾಡುವುದು ಸರಿ ಅಲ್ಲವೇ?

ಉತ್ತರ: ಅಲ್ಲ. 25ಕ್ಕೆ ಗೆರೆ ಎಳೆದಂತೆ ಏನೂ ಆಗುವುದಿಲ್ಲ. ಇಪ್ಪತ್ತರ ನಂತರವೂ ಬದಲಾವಣೆ ನಡೆಯುತ್ತದೆ, ನಿಧಾನವಾಗುತ್ತಾ ಹೋಗುತ್ತದೆ, ಅಷ್ಟೇ. ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಜೊತೆಗಾರರು ಭಾರತವೂ ಸೇರಿ 11 ದೇಶಗಳಲ್ಲಿ, 10ರಿಂದ 30 ವರ್ಷದ ಐದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರು. ಶಾಂತವಾಗಿ ಕೂತು ಯೋಚಿಸುವ ಶಕ್ತಿ ಸುಮಾರು 16ಕ್ಕೇ ದೊಡ್ಡವರ ಮಟ್ಟಕ್ಕೆ ಬರುತ್ತದೆ. ಆವೇಶದಲ್ಲಿ, ಗೆಳೆಯರ ಎದುರು ತಡೆದುಕೊಳ್ಳುವ ಶಕ್ತಿ ಬರುವುದು 18 ದಾಟಿದ ಮೇಲೆ. ಕೋರ್ಸು, ಕೆಲಸ, ಮದುವೆ ಇವು ನಿಮ್ಮ ಮಗಳು ಸಮಯ ತೆಗೆದುಕೊಂಡು ಯೋಚಿಸಬಲ್ಲ ವಿಷಯಗಳು. ಅವಳಿಗೆ ಬೇಕಿರುವುದು ಮಾಹಿತಿ, ಸಮಯ. ನಿರ್ಧರಿಸದೆ ನಿರ್ಧರಿಸಲು ಕಲಿಯುವ ಮೆದುಳು ಇಲ್ಲ.

ಪ್ರಶ್ನೆ: ಮಗನಿಗೆ 16. ಸ್ಕೂಟರ್ ಚೆನ್ನಾಗಿ ಓಡಿಸುತ್ತಾನೆ, ಜವಾಬ್ದಾರಿ ಇದೆ. ಟ್ಯೂಷನ್ನಿಗೆ ಕೊಡಬಹುದೇ?

ಉತ್ತರ: ನಿಮ್ಮ ಮುಂದೆ ಚೆನ್ನಾಗಿ ಓಡಿಸುತ್ತಾನೆ. 2005ರ ಒಂದು ಪ್ರಯೋಗದಲ್ಲಿ ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಒಬ್ಬರೇ ಇದ್ದಾಗ ಹದಿಹರೆಯದವರೂ ದೊಡ್ಡವರೂ ತೆಗೆದುಕೊಂಡ ಅಪಾಯ ಹೆಚ್ಚುಕಡಿಮೆ ಒಂದೇ. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರದು ಬಹಳ ಏರಿತು, ದೊಡ್ಡವರದು ಏರಲಿಲ್ಲ. ಟ್ಯೂಷನ್ ಬಿಟ್ಟ ಮೇಲೆ ಹಿಂದೆ ಇಬ್ಬರು ಹತ್ತುತ್ತಾರೆ. ನೂರು ಸಿಸಿ ಸ್ಕೂಟರ್‌ಗೆ 18 ತುಂಬಲೇಬೇಕು. ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ನಿಮಗೆ, ಅವನಿಗಲ್ಲ. ಬಸ್ ಪಾಸ್ ಮಾಡಿಸಿ.

ಪ್ರಶ್ನೆ: ಮಗಳು ಗೆಳತಿಯರ ಮಾತು ಮಾತ್ರ ಕೇಳುತ್ತಾಳೆ, ನಾನು ಕರೆದರೆ ಕೇಳಿಸುವುದೇ ಇಲ್ಲ.

ಉತ್ತರ: ಚಿಕ್ಕ ಮಕ್ಕಳ ಮೆದುಳಿಗೆ ಅಮ್ಮನ ದನಿಯೇ ಹೆಚ್ಚು ಹಿತ. ಸುಮಾರು 13ರಿಂದ ಅಪರಿಚಿತ ದನಿಗಳತ್ತ ಮೆದುಳು ಹೆಚ್ಚು ತಿರುಗುತ್ತದೆ ಎಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2022ರಲ್ಲಿ ತೋರಿಸಿದರು. ಹೊರಗಿನವರ ಜೊತೆ ಬದುಕಲು ಅವಳು ಕಲಿಯಬೇಕಲ್ಲವೇ. ಅಡುಗೆಮನೆಯಿಂದ ಕೂಗಬೇಡಿ, ಹತ್ತಿರ ಹೋಗಿ ಮಾತಾಡಿ.

ಪ್ರಶ್ನೆ: ‘ನಾನು ಸತ್ತರೆ ನಿಮಗೆ ನೆಮ್ಮದಿ’ ಎಂದು ಮಗ ಆಗಾಗ ಅನ್ನುತ್ತಾನೆ. ಈ ವಯಸ್ಸಿನಲ್ಲಿ ಇದು ಮಾಮೂಲಿ ಎಂದು ಎಲ್ಲರೂ ಹೇಳುತ್ತಾರೆ.

ಉತ್ತರ: ಮಾಮೂಲಿ ಅಲ್ಲ. ಮನಸ್ಸಿನ ಕಾಯಿಲೆಗಳಲ್ಲಿ ಸುಮಾರು ಅರ್ಧ ಶುರುವಾಗುವುದು 18ಕ್ಕೆ ಮುಂಚೆ. ಇವತ್ತೇ ಅವನನ್ನು ನೇರವಾಗಿ ಕೇಳಿ: ‘ಸಾಯುವ ಯೋಚನೆ ಬರುತ್ತಿದೆಯಾ?’ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ಸುಳ್ಳು. ಕೇಳಿದಾಗ ಮಕ್ಕಳು ಹೇಳಿಕೊಳ್ಳುತ್ತಾರೆ. ಹೇಳಿದರೆ ಬಯ್ಯಬೇಡಿ, ವಾದ ಮಾಡಬೇಡಿ, ಪ್ರಮಾಣ ಮಾಡಿಸಬೇಡಿ. ಮನೆಯಲ್ಲಿರುವ ಮಾತ್ರೆ, ಹೊಲಕ್ಕೆ ಹೊಡೆಯುವ ಔಷಧಿ ಬೀಗದೊಳಗೆ ಹೋಗಲಿ. ಅವನೊಬ್ಬನನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಇಂಥ ವಿಷಯಕ್ಕೆ ನನಗೆ ಪತ್ರ ಬರೆದು ಉತ್ತರಕ್ಕೆ ಕಾಯಬೇಡಿ, ಮೊದಲು ಅಲ್ಲಿಗೆ ಹೋಗಿ.