ಕೋಡ್ ಮುಟ್ಟದೆ ಡಿಬಗ್ ಮಾಡೋದು ಹೇಗೆ?

ಪ್ರಶ್ನೆ: ಸರ್, ನಾನು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಊರು ತೀರ್ಥಹಳ್ಳಿ ಹತ್ತಿರ. ಮನೆಯ ಅಡಿಕೆ ಲೆಕ್ಕಕ್ಕೆ ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಕ್ವಿಂಟಾಲ್ ರೇಟನ್ನು ಪೈಸೆಯಲ್ಲಿ ಇಟ್ಟು, ಕೆಜಿಯಿಂದ ಗುಣಿಸಿ, 100ರಿಂದ ಭಾಗಿಸುತ್ತೇನೆ. ಎರಡೂ ಇಂಟ್ (ಪೂರ್ಣಾಂಕ ಇಡುವ ಟೈಪ್). ಬೆಟ್ಟೆ, ಗೊರಬಲು ತರದ ಅಡಿಕೆಯ ಸಣ್ಣ ಲಾಟ್‌ಗಳಿಗೆ ಸರಿ ಬರುತ್ತದೆ, ಆದರೆ 50,000 ರೂಪಾಯಿ ರೇಟಿನ ರಾಶಿ ಅಡಿಕೆ 500 ಕೆಜಿ ಹಾಕಿದರೆ ಮೊತ್ತ ಮೈನಸ್! ಟೆಂಪ್1, ಟೆಂಪ್2 ಅಂತ ಸೇರಿಸಿ ಸೇರಿಸಿ ಕಂಪೈಲ್ ಮಾಡಿ ಸಾಕಾಯಿತು. ಜಿಡಿಬಿಯಲ್ಲಿ (ಓಡುತ್ತಿರುವ ಪ್ರೋಗ್ರಾಂನ ತಪ್ಪು ಹುಡುಕುವ ಸಾಧನ) ನೋಡಿದರೆ ಅವಕ್ಕೆ 'ಆಪ್ಟಿಮೈಸ್ಡ್ ಔಟ್' ಅಂತ ಬರುತ್ತದೆ. ಬೇರೆ ದಾರಿ ಇದೆಯಾ?

ಉತ್ತರ: ಇದೆ, ಅದೂ ನಿಮ್ಮ ಕೈಯಲ್ಲಿರುವ ಜಿಡಿಬಿಯಲ್ಲೇ ಇದೆ. ಮೊದಲು ಆ ಟೆಂಪ್‌ಗಳ ವಿಷಯ. ನೀವು ಬಹುಶಃ -ಓ2 (ಪ್ರೋಗ್ರಾಂ ವೇಗವಾಗಿ ಓಡಲಿ ಅಂತ ಕಂಪೈಲರ್‌ಗೆ ಕೊಡುವ ಆಯ್ಕೆ) ಹಾಕಿ ಕಂಪೈಲ್ ಮಾಡುತ್ತಿದ್ದೀರಿ. ಆಗ ಕಂಪೈಲರ್ ತನಗೆ ಬೇಡ ಅನಿಸಿದ ವೇರಿಯಬಲ್‌ಗೆ ಜಾಗವನ್ನೇ ಕೊಡುವುದಿಲ್ಲ. ಡಿಬಗ್ ಮಾಡುವಾಗ -ಜಿ (ಡಿಬಗ್ ಮಾಹಿತಿ ಸೇರಿಸುವ ಆಯ್ಕೆ) ಜೊತೆ -ಓ0 (ಆ ವೇಗದ ಕೆಲಸ ಬೇಡ ಅನ್ನುವ ಆಯ್ಕೆ) ಹಾಕಿ, ರೇಟ್, ಕೆಜಿ ಎರಡೂ ಕಾಣುತ್ತವೆ.

ಈಗ ಗುಣಾಕಾರದ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ ಇಡಿ, ಅಂದರೆ ಪ್ರೋಗ್ರಾಂ ಅಲ್ಲಿ ನಿಲ್ಲಲಿ ಅಂತ ಗುರುತು ಹಾಕಿ. ಸುಮ್ನೆ ಎಲ್ಲಾ ಲಾಟ್‌ಗೂ ನಿಲ್ಲಿಸಬೇಡಿ, ಸಾಲಿನ ನಂಬರ್ ಆದ ಮೇಲೆ 'ಇಫ್ ಕೆಜಿ > 400' ಅಂತ ಸೇರಿಸಿ. ನಿಂತ ಮೇಲೆ ಹೀಗೆ ಕೊಡಿ:

ಸೆಟ್ $ಟಿ = ರೇಟ್ * ಕೆಜಿ
ಪ್ರಿಂಟ್ $ಟಿ

-1794967296 ಬರುತ್ತದೆ. ಡಾಲರ್ ಇರುವ ಈ ಹೆಸರು ಜಿಡಿಬಿಯದ್ದು, ನಿಮ್ಮ ಪ್ರೋಗ್ರಾಂನದ್ದಲ್ಲ. ಮಂಡಿಯಲ್ಲಿ ಗುಮಾಸ್ತರು ಚೀಟಿಯ ಮೇಲೆ ಕೂಡಿ ಕಳೆದು ನೋಡುತ್ತಾರಲ್ಲ, ಹಾಗೆ. ಚೀಟಿಯಲ್ಲಿ ಏನೇ ಗೀಚಿದರೂ ಖಾತೆ ಪುಸ್ತಕ ಬದಲಾಗುವುದಿಲ್ಲ. ಡಿಕ್ಲೇರ್ ಮಾಡಬೇಕಿಲ್ಲ, ಟೈಪ್ ಹೇಳಬೇಕಿಲ್ಲ, ಬೇರೆ ಟೈಪಿನ ಬೆಲೆ ಹಾಕಿದರೂ ತಕರಾರಿಲ್ಲ. ಈಗ ಅದಕ್ಕೇ, ಇಂಟ್‌ಗಿಂತ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಲಾಂಗ್ ಟೈಪ್ ಬಳಸಿ, ಇದನ್ನು ಹಾಕಿ:

ಸೆಟ್ $ಟಿ = (ಲಾಂಗ್ ಲಾಂಗ್)ರೇಟ್ * ಕೆಜಿ

ಮತ್ತೆ ಪ್ರಿಂಟ್ ಕೊಟ್ಟಾಗ 250,00,00,000 ಪೂರ್ತಿ ಬಂತಾ? ಕಾರಣ ಸಿಕ್ಕಿತು. 32 ಬಿಟ್ ಇಂಟ್ ಹಿಡಿಯುವುದು 2147483647ರವರೆಗೆ ಮಾತ್ರ. 100ರಿಂದ ಭಾಗಿಸುವ ಮೊದಲೇ ಲೆಕ್ಕ ಆ ಗಡಿ ದಾಟಿರುತ್ತದೆ. ಸಿ ಭಾಷೆಯ ನಿಯಮದಲ್ಲಿ ಗಡಿ ದಾಟಿದ ಮೇಲೆ ಇಂಥದ್ದೇ ಉತ್ತರ ಬರಬೇಕು ಅಂತಲೂ ಇಲ್ಲ, ಹಾಗಾಗಿ -ಓ2ನಲ್ಲಿ ಬೇರೆ ಏನೋ ಬಂದರೂ ಆಶ್ಚರ್ಯ ಬೇಡ.

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಪ್ರಯೋಗ, ನನಗೆ ಇದೇ ಜಾಸ್ತಿ ಇಷ್ಟ. 'ಸೆಟ್ ವಾರ್ ಕೆಜಿ = 429' ಕೊಟ್ಟು ಮುಂದೆ ಓಡಿಸಿ, ಮೊತ್ತ ಸರಿ ಬರುತ್ತದೆ. ಮತ್ತೆ ರನ್ ಮಾಡಿ, ಅಲ್ಲೇ ನಿಂತಾಗ 430 ಕೊಡಿ, ಮೈನಸ್. ಇಲ್ಲಿ ಡಾಲರ್ ಇಲ್ಲ, ನೋಡಿ. ಇದು ಓಡುತ್ತಿರುವ ಪ್ರೋಗ್ರಾಂನ ನಿಜವಾದ ಬೆಲೆಯನ್ನೇ ಬದಲಿಸುತ್ತದೆ. ಎರಡನ್ನೂ ಬೆರೆಸಿಕೊಂಡರೆ ನೀವೇ ಹಾಕಿದ ಬೆಲೆಯನ್ನು ಬಗ್ ಅಂದುಕೊಂಡು ಅರ್ಧ ದಿನ ಹುಡುಕುತ್ತೀರಿ! 'ವಾರ್' ಬಿಡಬೇಡಿ. ನಿಮ್ಮ ವೇರಿಯಬಲ್ ಹೆಸರು ವಿಡ್ತ್ ಅಂತಿದ್ದರೆ, ಬರೀ 'ಸೆಟ್ ವಿಡ್ತ್' ಅನ್ನುವುದು ಜಿಡಿಬಿಯ ಪರದೆಯ ಅಗಲಕ್ಕೆ ಸಂಬಂಧಿಸಿದ ಆದೇಶ.

ಲಾಟ್‌ಗಳನ್ನು ಅರೇಯಲ್ಲಿ ಇಟ್ಟಿದ್ದರೆ 'ಸೆಟ್ $ಐ = 0', ಆಮೇಲೆ 'ಪ್ರಿಂಟ್ ಲಾಟ್[$ಐ++]'. ಅಲ್ಲಿಂದ ಬರೀ ಎಂಟರ್ ಒತ್ತುತ್ತಾ ಹೋದರೆ ಒಂದೊಂದೇ ಲಾಟ್ ಬರುತ್ತದೆ. ಮ್ಯಾಕ್‌ನ ಡಿಬಗ್ಗರ್ ಎಲ್ಎಲ್‌ಡಿಬಿಯಲ್ಲೂ ಡಾಲರ್ ಹೆಸರು ನಡೆಯುತ್ತದೆ, ಆದರೆ ಅಲ್ಲಿ 'ಎಕ್ಸ್‌ಪ್ರೆಷನ್' ಆದೇಶದಲ್ಲಿ ಟೈಪ್ ಹೇಳಿ ಡಿಕ್ಲೇರ್ ಮಾಡಬೇಕು.

ಇಷ್ಟಾದ ಮೇಲೆ ಕೋಡ್ ತೆರೆಯಿರಿ. ಗುಣಿಸುವ ಮೊದಲೇ ರೇಟ್‌ಗೆ ಲಾಂಗ್ ಲಾಂಗ್ ಹಾಕಿ; ಇಡೀ ಗುಣಾಕಾರಕ್ಕೆ ಬ್ರಾಕೆಟ್ ಕಟ್ಟಿ ಹೊರಗೆ ಹಾಕಿದರೆ ಅಷ್ಟರಲ್ಲಿ ಲೆಕ್ಕ ಕೆಟ್ಟಿರುತ್ತದೆ. ಮೊತ್ತ ಇಡುವ ವೇರಿಯಬಲ್ ಕೂಡ ಲಾಂಗ್ ಲಾಂಗ್ ಇರಲಿ, ಪ್ರಿಂಟ್‌ಎಫ್‌ನಲ್ಲಿ %ಡಿ ತೆಗೆದು %ಎಲ್ಎಲ್‌ಡಿ ಹಾಕಿ.