ನಮ್ಮ ಸ್ವಯಂಸೇವಕರ ತಂಡ ಅಧಿವೇಶನದ ಹೊತ್ತಿಗೆ ವಿಧಾನಸೌಧಕ್ಕೆ ಹೋಗಿ, ಆದಷ್ಟು ಜಾಸ್ತಿ ಶಾಸಕರಿಗೆ ಊರಿನ ಬೇಡಿಕೆಗಳನ್ನು ಕೊಡಬೇಕೆಂದಿದೆ. ಹೇಗೆ ತಯಾರಾಗಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಾವೂ ಹೀಗೇ ಹೊರಟವರು.

ನಮ್ಮದು ಊರಿನ ಗ್ರಂಥಾಲಯಕ್ಕಾಗಿ ಓಡಾಡುವ ಸಣ್ಣ ತಂಡ. ಇಬ್ಬರು ನಿವೃತ್ತ ಮೇಷ್ಟ್ರು, ಒಬ್ಬ ಮೆಡಿಕಲ್ ಶಾಪಿನವರು, ಉಳಿದವರು ಕಾಲೇಜು ಹುಡುಗ ಹುಡುಗಿಯರು. ಗ್ರಂಥಾಲಯದ ಚಾವಣಿ ಸೋರುತ್ತಿತ್ತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾವು ಬಣ್ಣದ ಫೋಟೊ ಹಾಕಿ ಫೈಲ್ ಮಾಡಿಸಿದೆವು, ಪಾಸ್ ಮಾಡಿಸಿಕೊಂಡು ಒಳಗೆ ಹೋದೆವು, ಮೊಗಸಾಲೆಯಲ್ಲಿ ಸಿಕ್ಕ ಸಿಕ್ಕ ಶಾಸಕರ ಕೈಗೆ ಕೊಟ್ಟು ಬಂದೆವು. ಎಲ್ಲರೂ ‘ನೋಡೋಣ, ಮಾಡೋಣ’ ಎಂದರು. ಆ ಪ್ರವಾಸದ ಕಥೆ ಅಷ್ಟೇ. ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ, ಬಸ್ ಚಾರ್ಜ್ ಒಂದು ಬಿಟ್ಟರೆ.

ನಷ್ಟ ಆಗಿದ್ದು ಆಮೇಲೆ. ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಊರಿಗೆ ಬಂದ ಮೇಲೆ ನಮ್ಮ ಕ್ಷೇತ್ರದ ಶಾಸಕರೇ ಕರೆಸಿ, ‘ಸದನದಲ್ಲಿ ಕೇಳೋಣ, ಒಂದು ಪ್ರಶ್ನೆ ಬರೆದುಕೊಡಿ’ ಎಂದರು. ಇದಕ್ಕಿಂತ ಒಳ್ಳೆ ಅವಕಾಶ ಸಿಗುತ್ತಾ? ನಾವು ಅವತ್ತೇ ರಾತ್ರಿ ಕೂತು ಬರೆದೆವು. (ಅ) ನಮ್ಮ ತಾಲ್ಲೂಕಿನ ಗ್ರಂಥಾಲಯಗಳು ಮೂಲಸೌಕರ್ಯವಿಲ್ಲದೆ ಸೊರಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?

ಉತ್ತರ ಅಚ್ಚಾಗಿ ಬಂತು. (ಅ) ಇಲ್ಲ. (ಆ) ಉದ್ಭವಿಸುವುದಿಲ್ಲ.

ಮುಗೀತು. ಹೀಗೇಕಾಯಿತು ಅಂತ ಒಬ್ಬ ನಿವೃತ್ತ ಅಧಿಕಾರಿ ಆಮೇಲೆ ಬಿಡಿಸಿ ಹೇಳಿದರು. ಸದನಕ್ಕೆ ಹೋಗುವ ಉತ್ತರವನ್ನು ಮಂತ್ರಿಗಳು ಕೂತು ಬರೆಯುವುದಿಲ್ಲ. ಪ್ರಶ್ನೆ ಇಲಾಖೆಗೆ ಹೋಗುತ್ತದೆ, ಇಲಾಖೆಯಿಂದ ಜಿಲ್ಲೆಗೆ ಇಳಿಯುತ್ತದೆ, ಕೊನೆಗೆ ಆ ಗ್ರಂಥಾಲಯವನ್ನು ನೋಡಿಕೊಳ್ಳಬೇಕಾದ ಅಧಿಕಾರಿಯ ಮೇಜಿಗೇ ಬರುತ್ತದೆ. ‘ಹೌದು, ನನ್ನ ಕೈಕೆಳಗಿನ ಗ್ರಂಥಾಲಯ ಸೊರಗಿದೆ’ ಅಂತ ಯಾವ ಅಧಿಕಾರಿ ಬರೆದು ಕಳಿಸುತ್ತಾರೆ ಹೇಳಿ? ‘ಸೊರಗಿದೆ’ ಅನ್ನುವುದು ಅಭಿಪ್ರಾಯ. ಅಭಿಪ್ರಾಯವನ್ನು ಒಂದೇ ಪದದಲ್ಲಿ ಅಲ್ಲಗಳೆಯಬಹುದು. ‘ಗಮನಕ್ಕೆ ಬಂದಿದೆಯೇ’ ಎಂದು ಕೇಳಿ ತಪ್ಪಿಸಿಕೊಳ್ಳುವ ಬಾಗಿಲನ್ನು ನಾವೇ ತೆರೆದಿಟ್ಟಿದ್ದೆವು. ಎರಡನೆಯ ಪ್ರಶ್ನೆ ಮೊದಲನೆಯದರ ಮೇಲೆ ನಿಂತಿತ್ತು, ಮೊದಲನೆಯದು ಬಿದ್ದ ಕೂಡಲೇ ಅದೂ ಬಿತ್ತು.

ಸುಮ್ನೆ ಉತ್ತರ ಸಿಗದಿದ್ದರೆ ಪರವಾಗಿರಲಿಲ್ಲ. ಆ ‘ಇಲ್ಲ’ ಸರ್ಕಾರದ ಅಧಿಕೃತ ಹೇಳಿಕೆಯಾಗಿ ಕೂತುಬಿಟ್ಟಿತು. ಆಮೇಲೆ ಚಾವಣಿ ರಿಪೇರಿಗೆ ಅರ್ಜಿ ಹಿಡಿದು ಹೋದರೆ, ಕಚೇರಿಯಲ್ಲಿ ಅದೇ ಹಾಳೆಯ ಜೆರಾಕ್ಸ್ ತೋರಿಸಿದರು. ಸದನದಲ್ಲೇ ತೊಂದರೆ ಇಲ್ಲ ಅಂತ ಹೇಳಿಯಾಗಿದೆಯಲ್ಲ, ಇನ್ನೇನು? ಶಾಸಕರಿಗೂ ಮುಜುಗರವಾಗಿ ಅವರು ನಮ್ಮ ಫೋನ್ ತೆಗೆಯುವುದನ್ನು ಕಮ್ಮಿ ಮಾಡಿದರು. ಅದರಲ್ಲಿ ಅವರ ತಪ್ಪೇನೂ ಕಾಣಲಿಲ್ಲ ನನಗೆ.

ಅಂಥ ಪ್ರಶ್ನೆಯಲ್ಲಿ ಕೇಳಬೇಕಾದದ್ದು ಲೆಕ್ಕ. ನಮ್ಮ ವಿಷಯದಲ್ಲಿ ಲೆಕ್ಕ ಕಣ್ಣೆದುರಿಗೇ ಇತ್ತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಪುರಸಭೆ, ನಗರಸಭೆಗಳು ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಿ ಮಾಡುತ್ತವೆ. ನಿಮ್ಮ ಮನೆ ತೆರಿಗೆ ರಶೀದಿ ತೆಗೆದು ನೋಡಿ, ಇರುತ್ತದೆ. ಆ ದುಡ್ಡನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು. ನಾವು ಬಣ್ಣದ ಫೈಲಿನಲ್ಲಿ ‘ಗ್ರಂಥಾಲಯಗಳಿಗೆ ಹೊಸ ನೀತಿ ಬೇಕು’ ಅಂತ ದಪ್ಪಕ್ಷರದಲ್ಲಿ ಬರೆದಿದ್ದೆವು. ನೀತಿ ನಮ್ಮ ಅಜ್ಜನ ಕಾಲದಿಂದ ಇತ್ತು. ಬರದೇ ಇದ್ದದ್ದು ದುಡ್ಡು.

ಎರಡನೇ ಸಲ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಕರ ಎಷ್ಟು ಸಂಗ್ರಹವಾಯಿತು, ಎಷ್ಟು ಕಟ್ಟಿದಿರಿ ಅಂತ. ಅಂಕಿ ಕೈಗೆ ಬಂದ ಮೇಲೆ ಪ್ರಶ್ನೆ ಬರೆದೆವು: ‘ಕಳೆದ ಮೂರು ವರ್ಷಗಳಲ್ಲಿ ಸಂಗ್ರಹಿಸಿದ ಗ್ರಂಥಾಲಯ ಕರ ಎಷ್ಟು? ಪಾವತಿಸಿದ್ದು ಎಷ್ಟು? ಬಾಕಿ ಎಷ್ಟು? ವರ್ಷವಾರು ವಿವರ ನೀಡುವುದು.’ ಇದಕ್ಕೆ ‘ಇಲ್ಲ’ ಅಂತ ಬರೆಯಲು ಬರುವುದಿಲ್ಲ. ಸುಳ್ಳು ಅಂಕಿ ಬರೆದರೆ ನಮ್ಮ ಹತ್ತಿರ ಅವರದ್ದೇ ಸಹಿ ಇರುವ ಕಾಗದ ಇದೆ. ಉತ್ತರ ಪಟ್ಟಿಯಾಗಿ ಬಂತು. ಆ ಪಟ್ಟಿಯನ್ನು ಶಾಸಕರು ತಾಲ್ಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಎಲ್ಲರ ಮುಂದೆ ಇಟ್ಟರು. ಬಾಕಿಯಲ್ಲಿ ಒಂದು ಭಾಗ ಕಂತಿನಲ್ಲಿ ಬಂತು. ಚಾವಣಿ ರಿಪೇರಿಯಾಯಿತು. ಉಳಿದದ್ದಕ್ಕೆ ಈಗಲೂ ಬೆನ್ನು ಹತ್ತಿದ್ದೇವೆ.

ಈಗ ನಿಮ್ಮ ವಿಷಯಕ್ಕೆ. ಆದಷ್ಟು ಶಾಸಕರನ್ನು ಭೇಟಿ ಮಾಡುವ ಯೋಚನೆ ಬಿಟ್ಟುಬಿಡಿ. ವಿಧಾನಸಭೆಯಲ್ಲಿ 224 ಜನ ಇದ್ದಾರೆ, ಅವರಲ್ಲಿ ಒಬ್ಬರಿಗೆ ಮಾತ್ರ ನಿಮ್ಮ ಊರಿನ ವೋಟು ಬೇಕು. ಮಸೂದೆ ತರುವುದು ಸರ್ಕಾರ, ಮತ ಹಾಕುವಾಗ ಪಕ್ಷದ ವಿಪ್ (ಹೀಗೇ ಮತ ಹಾಕಬೇಕು ಅನ್ನುವ ಆದೇಶ) ಇರುತ್ತದೆ, ಮಂತ್ರಿಯಲ್ಲದ ಶಾಸಕರು ತರುವ ಖಾಸಗಿ ಸದಸ್ಯರ ಮಸೂದೆ ಪಾಸಾಗುವುದು ಬಲು ಅಪರೂಪ. ಹಾಗಿರುವಾಗ ಬೇರೆ ಜಿಲ್ಲೆಯ ಶಾಸಕರ ಮನ ಒಲಿಸಿ ಮಾಡುವುದೇನಿದೆ? ಅಧಿವೇಶನದ ದಿನಗಳಲ್ಲಂತೂ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಕ್ಷೇತ್ರದ ಕಚೇರಿಗೆ, ಜನ ಕಮ್ಮಿ ಇರುವ ದಿನ, ಇಬ್ಬರೇ ಹೋಗಿ.

ನಿಮ್ಮ ಶಾಸಕರು ಮಂತ್ರಿಯಾಗಿದ್ದರೆ ಮಾತ್ರ ಕಷ್ಟ. ಉತ್ತರ ಕೊಡುವ ಜಾಗದಲ್ಲಿರುವವರು ಪ್ರಶ್ನೆ ಕೇಳುವುದಿಲ್ಲ. ಆಗ ವಿಧಾನ ಪರಿಷತ್ತಿನ ಕಡೆ ನೋಡಿ. ಶಿಕ್ಷಕರ ಕ್ಷೇತ್ರದಿಂದ 7, ಪದವೀಧರರ ಕ್ಷೇತ್ರದಿಂದ 7 ಜನ ಇದ್ದಾರೆ. ಓದು, ಶಾಲೆ, ಕೆಲಸದ ವಿಷಯ ಅವರಿಗೆ ಬೇಗ ತಾಗುತ್ತದೆ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಬಂದವರ ಮುಂದೆ ಪುರಸಭೆಯ ಬಾಕಿ ವಿಷಯ ತೆಗೆಯುವಾಗ ಹುಷಾರು, ಅವರ ಮತದಾರರೇ ಪುರಸಭೆ ಸದಸ್ಯರು! ಇದು ನಮಗೆ ತಡವಾಗಿ ಹೊಳೆಯಿತು.

ಬೇಡಿಕೆ ಎಷ್ಟಿರಬೇಕು ಅಂತ ನಮ್ಮ ತಂಡದಲ್ಲಿ ಜಗಳವೇ ಆಗಿದೆ. ಒಂದೇ ಇರಲಿ ಅನ್ನುವುದು ನನ್ನ ಹಟ. ಹತ್ತು ಬೇಡಿಕೆ ಕೊಟ್ಟರೆ ಅವರು ಅದರಲ್ಲಿ ಅತಿ ಸುಲಭದ್ದನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಮೇಷ್ಟ್ರು ಇದನ್ನು ಒಪ್ಪುವುದಿಲ್ಲ.

ಚುಕ್ಕೆ ಗುರುತಿನ ಪ್ರಶ್ನೆಯೇ ಬೇಕು ಅಂತ ಪಟ್ಟು ಹಿಡಿಯಬೇಡಿ. ಅದಕ್ಕೆ ಸಚಿವರು ಎದ್ದು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು, ನಿಜ. ಆದರೆ ಸದನದಲ್ಲಿ ಗದ್ದಲವಾದರೆ ಅವತ್ತಿನ ಪ್ರಶ್ನೋತ್ತರವೇ ಹೋಯಿತು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ, ಅಂಕಿ ಬೇಕಾದವರಿಗೆ ಅಷ್ಟು ಸಾಕು.

ಡಿಸೆಂಬರಿನ ಬೆಳಗಾವಿ ಅಧಿವೇಶನ ನಿಮ್ಮ ತಲೆಯಲ್ಲಿದ್ದರೆ ಮಾಹಿತಿ ಹಕ್ಕಿನ ಅರ್ಜಿಯನ್ನು ಸೆಪ್ಟೆಂಬರಿನಲ್ಲೇ ಹಾಕಿ. 30 ದಿನ ಅಂತ ನಿಯಮ ಇದ್ದರೂ ತಡವಾಗುವುದು, ಮೇಲ್ಮನವಿ ಹಾಕಬೇಕಾಗುವುದು ಮಾಮೂಲಿ. ಪ್ರಶ್ನೆಯ ನೋಟಿಸ್ ಅಧಿವೇಶನಕ್ಕೆ ಸಾಕಷ್ಟು ಮುಂಚೆ ಹೋಗಬೇಕು. ಕೊನೇ ದಿನಾಂಕ ಶಾಸಕರಿಗಿಂತ ಅವರ ಪಿಎಗೆ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನೇ ಕೇಳಿ.