ಚಳಿಗಾಲ ಕಳೆದ ಮೇಲೆ ಹಳೇ ಮನೆಯ ಇಟ್ಟಿಗೆ ಉದುರುತ್ತಿದೆ, ಯಾವ ಸಿಮೆಂಟ್ ಮೆತ್ತಬೇಕು?

ಸಿಮೆಂಟ್ ಚೀಲ ಇನ್ನೂ ಬಿಚ್ಚಿಲ್ಲ ಅಂದ್ರೆ ದಯವಿಟ್ಟು ಹಾಗೇ ಇಡಿ. ಇಟ್ಟಿಗೆಯ ಮುಖ ಹಕ್ಕಳೆ ಎದ್ದು ಬೀಳುವುದು, ಗೋಡೆ ಬುಡದಲ್ಲಿ ಕೆಂಪು ಪುಡಿ, ಇದೆಲ್ಲ 11 ವರ್ಷದ ಹಿಂದೆ ನನ್ನ ಮನೆಯಲ್ಲೇ ಆಗಿದೆ.

ನಮ್ಮದು 100 ವರ್ಷ ದಾಟಿದ ಮನೆ. ಮೊದಲು ಹಾಳಾಗಿದ್ದದ್ದು ಏಳೋ ಎಂಟೋ ಇಟ್ಟಿಗೆ, ಅಷ್ಟೇ. ಸಂದಿನ ಗಾರೆಯನ್ನು ಬೆರಳಲ್ಲಿ ಕೆರೆದರೂ ಉದುರುತ್ತಿತ್ತು. ಗಾರೆ ಮೆತ್ತಗಿದೆ, ಅದಕ್ಕೇ ನೀರು ಒಳಗೆ ಹೋಗ್ತಿದೆ, ಗಟ್ಟಿ ಮಾಲು ತುಂಬಿದರೆ ಆಯ್ತು ಅಂದುಕೊಂಡೆ. ಇಡೀ ಗೋಡೆಯ ಸಂದುಗಳನ್ನು ಗ್ರೈಂಡರ್‌ನಲ್ಲಿ ಕೊರೆಸಿ ಸಿಮೆಂಟ್ ಪಾಯಿಂಟಿಂಗ್ ಮಾಡಿಸಿದೆ. ಅದರ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಬೇರೆ.

ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಎಂಟು ಇದ್ದದ್ದು ಎಪ್ಪತ್ತು ಮೀರಿತು. ಒಂದು ಬೆಳಿಗ್ಗೆ ಇಟ್ಟಿಗೆಯ ಮುಖವೊಂದು ಇಡಿಯಾಗಿ ಕೈಗೇ ಬಂತು, ಬಿಸ್ಕತ್ತಿನಷ್ಟು ದಪ್ಪ. ಅದರ ಬೆನ್ನಿಗೆ ಮಂಜುಗಡ್ಡೆಯ ತೆಳು ಪದರ ಅಂಟಿಕೊಂಡಿತ್ತು. ಸುತ್ತಲಿನ ಸಿಮೆಂಟ್ ಮಾತ್ರ ಒಂದು ಕಣವೂ ಉದುರದೆ ಚೌಕಟ್ಟಿನ ಹಾಗೆ ನಿಂತಿತ್ತು.

ಆಗಿದ್ದು ಇಷ್ಟು. ಹಳೇ ಇಟ್ಟಿಗೆ ನೀರು ಹೀರುತ್ತದೆ, ಅದು ತಪ್ಪಲ್ಲ. ಅದರ ಸಂದುಗಳಲ್ಲಿರುವ ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ. ಗೋಡೆ ಕುಡಿದ ನೀರು ಹೆಚ್ಚಾಗಿ ಆ ಸಂದುಗಳಿಂದಲೇ ಆರಿ ಹೋಗುತ್ತದೆ. ನಾನು ಸಂದಿಗೆ ಸಿಮೆಂಟ್ ತುಂಬಿ ಆ ದಾರಿ ಮುಚ್ಚಿದೆ. ಉಳಿದದ್ದು ಇಟ್ಟಿಗೆಯ ಮುಖ. ಅದಕ್ಕೂ ಕೋಟಿಂಗ್ ಬಳಿದಿದ್ದೆ! ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ನೀರು ಆ ಮುಖವನ್ನೇ ಒಡೆದುಕೊಂಡು ಬಂತು. ಉದುರುತ್ತಿದ್ದ ಗಾರೆ ತಾನು ಸವೆದು ಇಟ್ಟಿಗೆಯನ್ನು ಕಾಯುತ್ತಿತ್ತು. ನಾನು ಅದನ್ನೇ ರೋಗ ಅಂದುಕೊಂಡೆ. ಗಾರೆ ಉದುರಿದರೆ ಮತ್ತೆ ತುಂಬಬಹುದು, ಇಟ್ಟಿಗೆ ಹೋದರೆ ಹೋಯ್ತು ಅಲ್ವಾ?

ಹಾಗಾಗಿ ಯಾವ ಸಿಮೆಂಟ್ ಅನ್ನುವ ಪ್ರಶ್ನೆಯೇ ಬೇಡ. ಚಳಿಯನ್ನೂ ದೂರಬೇಡಿ. ಒಣಗಿದ ಇಟ್ಟಿಗೆಯನ್ನು ಚಳಿ ಏನೂ ಮಾಡುವುದಿಲ್ಲ. ಜೋರು ಮಳೆ ಬರುವಾಗ ಹೊರಗೆ ನಿಂತು, ನೀರು ಎಲ್ಲಿಂದ ಗೋಡೆಗೆ ಬೀಳುತ್ತಿದೆ ನೋಡಿ. ನನ್ನ ಆ ಎಂಟು ಇಟ್ಟಿಗೆಗಳೂ ಮಳೆನೀರಿನ ಪೈಪಿನ ಹಿಂದೆಯೇ ಇದ್ದವು. ಪೈಪಿನ ಜಾಯಿಂಟ್ ಸೋರುತ್ತಿತ್ತು. ಒಂದು ಗಂಟೆಯ ಕೆಲಸ ಅದು. ಆವತ್ತೇ ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಸೋರಿಕೆ ನಿಂತು ಗೋಡೆ ಚೆನ್ನಾಗಿ ಆರಿದ ಮೇಲೆ, ಕೆಟ್ಟ ಇಟ್ಟಿಗೆಯನ್ನು ಉಳಿಯಲ್ಲಿ ಬಿಡಿಸಿ. ಹಿಂದಿನ ಮುಖ ಗಟ್ಟಿ ಇದ್ದರೆ ತಿರುಗಿಸಿ ಅಲ್ಲೇ ಕೂರಿಸಬಹುದು. ಇಲ್ಲದಿದ್ದರೆ ಅದೇ ಅಳತೆಯ ಹಳೇ ಇಟ್ಟಿಗೆ ಹುಡುಕಿ. ಸಂದುಗಳನ್ನು 20–25 ಮಿ.ಮೀ. ಆಳಕ್ಕೆ ಕೆರೆಯಿರಿ, ಗ್ರೈಂಡರ್ ಬೇಡ, ಅದು ಇಟ್ಟಿಗೆಯ ಅಂಚನ್ನೂ ತಿನ್ನುತ್ತದೆ. ನೀರು ಚಿಮುಕಿಸಿ ಸುಣ್ಣದ ಗಾರೆ ತುಂಬಿ. ನಾನು ಒಂದು ಪಾಲು ಹೈಡ್ರಾಲಿಕ್ ಸುಣ್ಣಕ್ಕೆ (ನೀರು ಸೇರಿದರೆ ಗಟ್ಟಿಯಾಗುವ ಸುಣ್ಣ) ಮೂರು ಪಾಲು ಮರಳು ಹಾಕಿದೆ. ಮೇಲೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಕೆಲವು ದಿನ ಒಣಗದ ಹಾಗೆ ನೋಡಿಕೊಳ್ಳಿ. 5 ಡಿಗ್ರಿಗಿಂತ ಕೆಳಗೆ ಹೋಗುವ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಮುಂದಿನ ಚಳಿಗೆ ಎರಡು ಮೂರು ತಿಂಗಳು ಇರುವಾಗಲೇ ಮುಗಿಸಿ.

ಎಲ್ಲಾದರೂ ಈಗಾಗಲೇ ಸಿಮೆಂಟ್ ಇದ್ದರೆ, ಸಡಿಲ ಆದದ್ದನ್ನು ಮಾತ್ರ ತೆಗೆಯಿರಿ. ಬಿಗಿಯಾಗಿ ಕಚ್ಚಿದ್ದನ್ನು ಕೀಳಲು ಹೋದರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ. ನಮ್ಮ ಹಿಂದಿನ ಗೋಡೆಯಲ್ಲಿ ಹಾಗೆ ಬಿಟ್ಟ ಜಾಗ ಇನ್ನೂ ಇದೆ. ಈ ವರ್ಷವೂ ಅಲ್ಲಿ ಎರಡು ಇಟ್ಟಿಗೆ ಬದಲಾಯಿಸಬೇಕು.